ಬೀಳುವ ತಲೆ, ಬೀಳದ ತಲೆ

ಬ್ಯಾಡಗಿಯ ನಮ್ಮ ಮನೆಗೆ ಬೀದಿಯ ಕಡೆ ಒಂದು ದೊಡ್ಡ ಬಾಗಿಲಿತ್ತು. ಸಾಗವಾನಿ ಚೌಕಟ್ಟು, ಹಿತ್ತಾಳೆಯ ಚಿಲಕ, ಹೊಸ್ತಿಲ ಮೇಲೆ ದಿನಾ ಬೆಳಿಗ್ಗೆ ಅರಿಸಿನ ಕುಂಕುಮ. ಅಜ್ಜ ಏಳುವ ಮೊದಲೇ ಆ ಹೊಸ್ತಿಲನ್ನು ತೊಳೆದು, ಪೂಜಿಸಿ, ಮುಂದೆ ರಂಗೋಲಿ ಹಾಕುತ್ತಿದ್ದವರು ನಮ್ಮವ್ವ ಮತ್ತು ಅಪ್ಪನ ತಂಗಿ ಗಿರಿಜತ್ತಿ. ಅದನ್ನು ದಾಟಿ ಊರೊಳಗೆ ಹೋಗುತ್ತಿದ್ದವರು ಮಾತ್ರ ಗಂಡಸರು ಮತ್ತು ನನ್ನಂಥ ಸಣ್ಣವರು. ಹೆಂಗಸರು ಅಲ್ಲಿಂದ ಹೋಗಕೂಡದು ಎಂದು ಯಾರೂ ಯಾವತ್ತೂ ಹೇಳಿರಲಿಲ್ಲ. ಒಳಗೆ ಪಡಸಾಲೆಯಲ್ಲಿ ಬಾಗಿಲಿಗೆ ಅಂಟಿಕೊಂಡೇ ಅಜ್ಜನ ಕುರ್ಚಿ, ಅದರೆದುರು ಒಂದು ಸ್ಟೂಲು, ಸ್ಟೂಲಿನ ಮೇಲೆ ಬಾಗಿಲಿಗೆ ಅಡ್ಡವಾಗಿ ಚಾಚಿದ ಅಜ್ಜನ ಎರಡು ಕಾಲು. ಇದ್ದದ್ದು ಇಷ್ಟೇ. ಹಿರಿಯರ ಕಾಲು ದಾಟುವ ಹಾಗಿಲ್ಲ, ಎಳೆದುಕೊಳ್ಳಿ ಎನ್ನುವ ಧೈರ್ಯ ಯಾರಿಗೂ ಇಲ್ಲ. ಅಪ್ಪ ಬಂದರೆ ಸಣ್ಣಗೆ ಕೆಮ್ಮುತ್ತಿದ್ದ, ಅಜ್ಜ ಅವನನ್ನು ನೋಡಿ ಕಾಲು ತೆಗೆಯುತ್ತಿದ್ದ. ನಾನು ಬಾಗಿ ಕೆಳಗಿನಿಂದ ನುಸುಳುತ್ತಿದ್ದೆ. ಆ ವರ್ಷ ನುಸುಳುವಾಗ ನನ್ನ ಬೆನ್ನು ಅಜ್ಜನ ಕಾಲಿಗೆ ತಾಗತೊಡಗಿತ್ತು. ಇನ್ನೊಂದಿಷ್ಟು ಬೆಳೆದರೆ ನಾನೂ ಹಿತ್ತಲ ಬಾಗಿಲಿನವಳೇ ಎಂದು ನನಗೆ ಗೊತ್ತಿತ್ತು.

ಹಿತ್ತಲ ದಾರಿ ಎಂದರೆ ಎಮ್ಮೆಯ ಹಿಂದಿನಿಂದ ಹೋಗಿ, ನೀರಿನ ತೊಟ್ಟಿ ಬಳಸಿ, ನಮ್ಮ ಗೋಡೆಗೂ ಪಕ್ಕದ ಮೆಣಸಿನಕಾಯಿ ಗೋದಾಮಿಗೂ ನಡುವಿನ ಸಂದಿಯಲ್ಲಿ ನಡೆದು ಬೀದಿ ಸೇರುವುದು. ಸುಗ್ಗಿಯಲ್ಲಿ ಗೋದಾಮಿನ ಬಾಗಿಲ ಮುಂದೆ ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಘಾಟು ಆ ಸಂದಿಯಲ್ಲಿ ಬಂದು ನಿಂತುಬಿಡುತ್ತಿತ್ತು. ಅವ್ವ ಗುಡಿಗೆ ಹೊರಡಲಿ, ದವಾಖಾನೆಗೆ ಹೊರಡಲಿ, ಸೆರಗು ಮೂಗಿಗೆ ಹಿಡಿದು, ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಊರಿಗೆ ಮುಖ ತೋರಿಸುತ್ತಿದ್ದಳು. ಎದುರಿಗೆ ಸಿಕ್ಕವರು ಮನೆಯಲ್ಲಿ ಏನೋ ನಡೆದು ಅತ್ತು ಬಂದಿದ್ದಾಳೆ ಅಂದುಕೊಳ್ಳುತ್ತಿದ್ದರು. ಅವ್ವ ಇದನ್ನು ತಮಾಷೆಯಾಗಿ ಹೇಳುತ್ತಿದ್ದಳು, ನಾವೂ ನಗುತ್ತಿದ್ದೆವು. ಆ ನಗುವನ್ನು ನೆನೆದರೆ ಈಗ ನನಗೆ ಸಿಟ್ಟು ಬರುತ್ತದೆ.

ಅಜ್ಜನ ಬಗೆಗಿನ ಹೆದರಿಕೆಗೆ ಮನೆಯಲ್ಲಿ ಒಂದು ಸಾಕ್ಷಿ ಇತ್ತು. ಅಡುಗೆಮನೆಯ ಗೂಡಿನಲ್ಲಿದ್ದ, ಅಂಚು ನೆಗ್ಗಿದ ಹಿತ್ತಾಳೆ ತಾಟು. ಅಪ್ಪ ಹುಡುಗನಾಗಿದ್ದಾಗ, ಪ್ಯಾಟಿಯಲ್ಲಿ ಯಾರೊಂದಿಗೋ ಜಗಳವಾಡಿ ಬಂದ ದಿನ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅಜ್ಜ ಆ ತಾಟನ್ನು ಗೋಡೆಗೆ ಬೀಸಿ ಒಗೆದಿದ್ದನಂತೆ. ಒಗೆದದ್ದು ಒಂದೇ ಸಲ. ಆದರೆ ಯಾರಾದರೂ ಏನಾದರೂ ಹೊಸದು ಕೇಳಿದಾಗಲೆಲ್ಲ ಅಪ್ಪ ಆ ಗೂಡಿನ ಕಡೆ ಕಣ್ಣು ಹಾಯಿಸಿ ಹುಬ್ಬು ಹಾರಿಸುತ್ತಿದ್ದ, ಅಲ್ಲಿಗೆ ಮಾತು ಮುಗಿಯುತ್ತಿತ್ತು. ನಾನು ಕಂಡ ಅಜ್ಜ ತಾಟು ಒಗೆಯಲಿಲ್ಲ, ಬೈಯಲಿಲ್ಲ. ಮಾತೇ ಕಡಿಮೆ. ಅಗಲ ಮೂಗು, ದಪ್ಪ ತುಟಿ, ಬಿಗಿದ ದವಡೆ. ಬೀದಿ ನೋಡುತ್ತ ಕುಳಿತರೆ ಕಣ್ಣು ಪಿಳುಕಿಸುತ್ತಾನೋ ಇಲ್ಲವೋ ಎಂದು ನಾನು ಒಳಗಿನ ಬಾಗಿಲಿನ ಸಂದಿಯಿಂದ ಕಾದು ನೋಡುತ್ತಿದ್ದೆ.

ಅಪ್ಪ ಇದಕ್ಕೆ ತೀರ ಉಲ್ಟಾ. ಮೆಣಸಿನಕಾಯಿ ದಲಾಲಿ ಅಂಗಡಿಯಿಂದ ಅವನು ಮನೆಗೆ ಬಂದರೆ ನಗು ಮೊದಲು ಒಳಗೆ ಬರುತ್ತಿತ್ತು. ಅವ್ವನ ರೊಟ್ಟಿ ಹೊಗಳುತ್ತಿದ್ದ, ತಂಗಿಯ ಜಡೆ ಎಳೆದು ಓಡುತ್ತಿದ್ದ, ನನ್ನನ್ನು ಹೆಗಲ ಮೇಲೆ ಹೊತ್ತು ನಡುಮನೆಯಲ್ಲಿ ಕುಣಿಯುತ್ತಿದ್ದ. ಅಜ್ಜನಿಗೂ ನಮಗೂ ನಡುವೆ ಅವನೇ. ನಮ್ಮ ಬೇಡಿಕೆಗಳನ್ನು ಪಡಸಾಲೆಗೆ ಒಯ್ಯುವವನು, ಅಲ್ಲಿಂದ ಉತ್ತರ ತರುವವನು. ನಾನು ಅವನನ್ನು ಜೀವದಷ್ಟು ಪ್ರೀತಿಸಿದೆ. ಈಗಲೂ ಆ ಪ್ರೀತಿಯನ್ನು ಎಲ್ಲಿಡಬೇಕೋ ನನಗೆ ತಿಳಿಯುವುದಿಲ್ಲ.

ಒಂದು ಸಂಜೆ ಅಪ್ಪ ರಾಣೆಬೆನ್ನೂರಿನಿಂದ ವಿಡಿಯೋ ಗೇಮ್ ತಂದ. ಟಿವಿಗೆ ಸಿಕ್ಕಿಸುವ ಒಂದು ಡಬ್ಬಿ, ತಂತಿ ಜೋಡಿಸಿದ ಎರಡು ರಿಮೋಟ್, ಒಂದು ದಪ್ಪ ಕ್ಯಾಸೆಟ್. ಆಟದ ತುಂಬ ಒಬ್ಬ ಪುಟ್ಟ ಹುಡುಗ ಓಡುತ್ತಿದ್ದ, ಜಿಗಿಯುತ್ತಿದ್ದ, ಹೊಂಡಕ್ಕೆ ಬಿದ್ದು ಸಾಯುತ್ತಿದ್ದ. ನಾವು ಅವನಿಗೆ ಚೋಟ್ಯಾ ಎಂದು ಹೆಸರಿಟ್ಟೆವು. ಮೊದಲು ಹಸಿರು ಬಯಲು, ಆಮೇಲೆ ಗುಹೆ, ಗುಹೆ ದಾಟಿದರೆ ಬಳ್ಳಿ ಹಬ್ಬಿದ ಒಂದು ಹಾಳೂರು. ಅಲ್ಲಿದ್ದವು ಕಲ್ಲಿನ ತಲೆಗಳು. ದೇಹವಿಲ್ಲ, ಕುತ್ತಿಗೆಯಿಲ್ಲ, ಮನೆಯಷ್ಟೆತ್ತರದ ಬರೀ ತಲೆ. ಕೆಲವು ಗಾಳಿಯಲ್ಲಿ ತೂಗುತ್ತಿದ್ದವು. ಚೋಟ್ಯಾ ಕೆಳಗೆ ಬಂದ ಕೂಡಲೇ ಒಂದು ಸಲ ನಡುಗಿ ಧೊಪ್ಪೆಂದು ಅವನ ಮೇಲೆ ಬೀಳುತ್ತಿದ್ದವು. ಕೆಲವು ಬಾಯಿ ತೆರೆದು ಬೆಂಕಿಯುಂಡೆ ಉಗುಳುತ್ತಿದ್ದವು. ಹಾಳೂರಿನ ಕೊನೆಗೆ ಒಂದು ತಲೆ ಇತ್ತು. ಟಿವಿಯ ಅರ್ಧವನ್ನು ಅದೇ ತುಂಬಿಬಿಡುತ್ತಿತ್ತು. ಅಗಲ ಮೂಗು, ಮುಚ್ಚಿದ ದಪ್ಪ ತುಟಿ, ಪಿಳುಕಿಸದ ಕಣ್ಣು. ಅದನ್ನು ಮೊದಲ ಸಲ ಕಂಡಾಗ ನಾನೂ ಗಿರಿಜತ್ತಿಯೂ ಒಟ್ಟಿಗೆ ಪಡಸಾಲೆಯ ಕಡೆ ತಿರುಗಿ ನೋಡಿದೆವು. ಹೆಸರಿಟ್ಟವನು ಅಪ್ಪ. ನಮ್ಮ ಕಿವಿಯ ಹತ್ತಿರ ಬಂದು ಮೆಲ್ಲಗೆ, ಅಜ್ಜ ಇಲ್ಲೂ ಬಂದು ಕುಂತಾನ, ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಈಗ ಹಾವೇರಿಯಲ್ಲಿ ನನ್ನ ಮಗಳು ಮೊಬೈಲಿನಲ್ಲಿ ಆಡುವಾಗಲೂ ಎಲ್ಲಾದರೂ ಒಂದು ಕಲ್ಲಿನ ತಲೆ ಬಂದೇ ಬರುತ್ತದೆ. ಬಣ್ಣ ಚೆಂದವಾಗಿದೆ, ಪಾಚಿಯ ಎಳೆಯೂ ಕಾಣುತ್ತದೆ. ಆಟ ಮಾಡುವವರಿಗೆ ಈ ತಲೆಗಳ ಮೇಲೆ ಅದೇನು ಮೋಹವೋ. ಬಹುಶಃ ಅವರಿಗೂ ಗೊತ್ತು, ದೊಡ್ಡದಾದ, ಸುಮ್ಮನಿರುವ ಮುಖ ಕಂಡರೆ ಮನುಷ್ಯನ ಕಾಲು ತಾನಾಗಿ ನಿಲ್ಲುತ್ತದೆ ಎಂದು. ಬೀಳುವ ತಲೆ ಯಾವುದು, ಬರೀ ಚೆಂದಕ್ಕೆ ಬರೆದದ್ದು ಯಾವುದು ಎಂದು ನೋಡಿದ ಕೂಡಲೇ ಹೇಳಲು ಆಗುವುದಿಲ್ಲ. ಮಗಳು ಯೋಚಿಸದೆ ನುಗ್ಗುತ್ತಾಳೆ. ಪಕ್ಕದಲ್ಲಿ ಕುಳಿತ ನಾನು ಉಸಿರು ಬಿಗಿ ಹಿಡಿಯುತ್ತೇನೆ.

ಆಟದಲ್ಲಿ ನನಗಿಂತ ಗಿರಿಜತ್ತಿ ಜಾಣೆ. ಅವಳು ಅಗಡಿಯ ಗಂಡನ ಮನೆಯಿಂದ ಒಂದು ತಗಡಿನ ಟ್ರಂಕಿನೊಂದಿಗೆ ತವರಿಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಬರುವಾಗ ಎಡಗೈಯ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು. ಪಟ್ಟಿ ಬಿಚ್ಚಿದ ಮೇಲೂ ಎಲುಬು ಸೊಟ್ಟಗೇ ಕೂಡಿತ್ತು. ಬಾವಿಕಟ್ಟೆಯ ಮೇಲೆ ಜಾರಿ ಬಿದ್ದಳು ಎಂದು ಅಗಡಿಯವರು ಹೇಳಿದ್ದರು, ನಮ್ಮ ಮನೆಯಲ್ಲೂ ಅದನ್ನೇ ಹೇಳುತ್ತಿದ್ದರು. ಅತ್ತಿಯ ಬಾಯಲ್ಲಿ ಮಾತ್ರ ಆ ಮಾತನ್ನು ನಾನು ಕೇಳಲಿಲ್ಲ. ಆ ಕೈಯಿಂದಲೇ ರಿಮೋಟ್ ಹಿಡಿದು, ಹೆಬ್ಬೆರಳು ನೊಂದರೆ ತುಟಿ ಕಚ್ಚಿ, ಚೋಟ್ಯಾನನ್ನು ಹಾಳೂರಿನವರೆಗೆ ತರುತ್ತಿದ್ದಳು. ದೊಡ್ಡ ತಲೆಯ ಹತ್ತಿರ ಬಂದರೆ ಅವಳೂ ನಿಲ್ಲುತ್ತಿದ್ದಳು. ಅದರ ಮುಂದಿನ ನೇರ ದಾರಿ ಬಿಟ್ಟು, ಒಂದು ಕಟ್ಟೆಯ ಮೇಲಿಂದ ಜಿಗಿದು ಕೆಳಗಿನ ಹೊಂಡದ ದಾರಿ ಹಿಡಿಯುತ್ತಿದ್ದಳು. ಅಲ್ಲಿ ಮುಳ್ಳು, ಬೆಂಕಿ, ಮುರಿದು ಬೀಳುವ ಹಲಗೆ. ಪ್ರತಿ ಸಲವೂ ಅಲ್ಲೇ ಸಾಯುತ್ತಿದ್ದೆವು, ಪ್ರತಿ ಸಲವೂ ಹಸಿರು ಬಯಲಿನಿಂದ ಶುರು ಮಾಡುತ್ತಿದ್ದೆವು. ನೇರ ಹೋಗಿ ನೋಡೋಣ ಎಂದು ನಮ್ಮಿಬ್ಬರಿಗೂ ಒಂದು ದಿನವೂ ಅನ್ನಿಸಲಿಲ್ಲ. ಹಿತ್ತಲ ದಾರಿ ರೂಢಿಯಾದವರು ನಾವು.

ಆ ದಿನಗಳಲ್ಲೇ ಗಿರಿಜತ್ತಿಗೆ ಕೆಲಸದ ಸುದ್ದಿ ಬಂತು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅವಳ ಶಾಲೆಯ ಗೆಳತಿ ಇದ್ದಳು. ಒದ್ದೆ ಕಾಗದದ ಮೇಲೆ ಬೀಜ ಇಟ್ಟು, ಮೊಳೆತವೋ ಇಲ್ಲವೋ ನೋಡುವ ಕೆಲಸ. ಪಿಯುಸಿ ಸೈನ್ಸ್ ಓದಿದವರು ಬೇಕು, ಅತ್ತಿ ಓದಿದ್ದಳು. ಬರುವ ಸೋಮವಾರ ಹಾಜರಾದರೆ ಕೆಲಸ, ಇಲ್ಲವಾದರೆ ಬೇರೆಯವರಿಗೆ. ಸುದ್ದಿ ಕೇಳಿದ ರಾತ್ರಿ ಅತ್ತಿ ರೊಟ್ಟಿ ಬಡಿಯುವ ಸದ್ದೇ ಬೇರೆ ಇತ್ತು. ತವರಿನಲ್ಲಿ ಅವಳಿಗೆ ಯಾರೂ ಕಡಿಮೆ ಮಾಡಿರಲಿಲ್ಲ, ಆದರೆ ಎಷ್ಟು ದಿನ ಎಂದು ಯಾರೂ ಹೇಳಿರಲೂ ಇಲ್ಲ. ತನ್ನ ಕೈಯಲ್ಲೊಂದು ಕೆಲಸವಿದ್ದರೆ ತನ್ನನ್ನು ಮರಳಿ ಅಗಡಿಗೆ ಕಳಿಸುವ ಮಾತು ಎತ್ತುವುದು ಕಷ್ಟ ಎಂದು ಅವಳ ಲೆಕ್ಕ. ಇದನ್ನು ಅವಳು ಅವ್ವನಿಗೆ ಒಲೆಯ ಮುಂದೆ ಹೇಳಿದಳು. ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ, ಅಣ್ಣನ ಕಡೆಯಿಂದ ಕೇಳಿಸು ಎಂದಳು. ಅಪ್ಪ ನಕ್ಕು ತಂಗಿಯ ತಲೆಯ ಮೇಲೆ ಮೊಟಕಿದ.

“ನಾ ಇದ್ದೇನಲ್ಲ. ಹೊತ್ತು ನೋಡಿ ಅಪ್ಪನ ಕಿವಿಗೆ ಹಾಕ್ತೇನಿ. ನೀ ಮಾತ್ರ ಮುಂದ ಹೋಗಬ್ಯಾಡ, ಕೆಲಸ ಕೆಡತೈತಿ.”

ಅಂದಿನಿಂದ ಸಂಜೆಗಳು ಬಿಗಿಯಾದವು. ಅಪ್ಪ ಪಡಸಾಲೆಗೆ ಹೋಗಿ ಅಜ್ಜನ ಪಕ್ಕದಲ್ಲಿ ಕೂರುತ್ತಿದ್ದ. ಒಳಗೆ ನಾವು ಮೂವರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿ ನಿಮಿರಿಸುತ್ತಿದ್ದೆವು. ಮೆಣಸಿನಕಾಯಿಯ ಧಾರಣೆ, ಮಳೆ, ಯಾರದೋ ಮದುವೆ. ಆಮೇಲೆ ದನಿ ತಗ್ಗುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಒಳಗೆ ಬಂದ ಅಪ್ಪ ತಲೆ ಅಲ್ಲಾಡಿಸುತ್ತಿದ್ದ. ಇವತ್ತು ಮುಖ ಬಿಗಿದಿದೆ ಎನ್ನುತ್ತಿದ್ದ. ಕೇಳಿದೆ, ಒಂದೇ ಒಂದು ಮಾತಿಲ್ಲ, ಕಣ್ಣು ಕೆಂಪಗೆ ಮಾಡಿದರು ಎನ್ನುತ್ತಿದ್ದ. ಇನ್ನೊಂದು ಸಲ ಕೇಳಿದರೆ ತಾಟು ಹಾರುತ್ತದೆ ಎಂದು ಗೂಡಿನ ಕಡೆ ಕೈ ತೋರಿಸುತ್ತಿದ್ದ. ಅತ್ತಿ ಅಣ್ಣನಿಗೆ ಬಿಸಿ ರೊಟ್ಟಿ ಹಾಕಿ, ತುಪ್ಪ ಸವರಿ, ನಾಳೆ ಇನ್ನೊಂದು ಮಾತು ಹೇಳಿ ನೋಡು ಎಂದು ಬೇಡಿಕೊಳ್ಳುತ್ತಿದ್ದಳು. ನನಗೆ ಅಜ್ಜನ ಮೇಲೆ ಹೊಟ್ಟೆಯಲ್ಲಿ ಬೆಂಕಿ ಏಳುತ್ತಿತ್ತು. ಅವನ ಕಾಲ ಕೆಳಗೆ ನುಸುಳುವಾಗ ಬೇಕೆಂದೇ ಬೆನ್ನಿನಿಂದ ಗುದ್ದಿ ಹೋಗುತ್ತಿದ್ದೆ. ಅವನು ಹಲ್ಲು ಕಚ್ಚಿ ಉಸಿರೆಳೆದುಕೊಳ್ಳುತ್ತಿದ್ದ. ಅದೂ ಸಿಟ್ಟೇ ಎಂದು ತಿಳಿದಿದ್ದೆ.

ಭಾನುವಾರ ಮಧ್ಯಾಹ್ನವಾಯಿತು. ಅಪ್ಪ ಹೊರಗೆ ಹೋಗಿದ್ದ, ಅಜ್ಜ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಅತ್ತಿ ಹಿತ್ತಲಲ್ಲಿ ಮೆಣಸಿನಕಾಯಿ ಹರವಿ ಬಂದು, ಕೈ ಕೂಡ ಸರಿಯಾಗಿ ತೊಳೆಯದೆ ಟಿವಿ ಮುಂದೆ ಕುಳಿತಳು. ಸದ್ದು ಪೂರ್ತಿ ಕಡಿಮೆ ಮಾಡಿದೆವು. ಅವಳ ದವಡೆ ಅಜ್ಜನದರ ಹಾಗೆಯೇ ಬಿಗಿದಿತ್ತು. ಬಯಲು, ಗುಹೆ, ಹಾಳೂರು. ನಡುಗುವ ತಲೆಗಳ ಕೆಳಗೆ ಚೋಟ್ಯಾ ನಿಂತು, ಬೀಳುವುದನ್ನು ಕಾದು, ಓಡಿ ಪಾರಾದ. ದೊಡ್ಡ ತಲೆ ಬಂತು. ಕೆಳಗಿನ ದಾರಿಗೆ ಜಿಗಿಯಬೇಕು. ಅತ್ತಿ ಬಟನ್ ಒತ್ತಿದಳು, ಚೋಟ್ಯಾ ಜಿಗಿಯಲಿಲ್ಲ. ಮತ್ತೆ ಒತ್ತಿದಳು. ಬಟನ್ ಒಳಗೇ ಸಿಕ್ಕಿಕೊಂಡಿತ್ತು. ಹಿಂದಿನಿಂದ ಬೆಂಕಿಯುಂಡೆಗಳು ಬರುತ್ತಿದ್ದವು. ನಿಲ್ಲಲು ಆಗದು, ಜಿಗಿಯಲು ಆಗದು. ನಾನು ಕಣ್ಣು ಮುಚ್ಚಿಕೊಂಡೆ. ಅತ್ತಿ ಸೊಟ್ಟ ಕೈಯ ಹೆಬ್ಬೆರಳಿನಿಂದ ನೇರ ನಡೆಸಿದಳು. ನಾನು ಕಣ್ಣು ತೆರೆದಾಗ ಚೋಟ್ಯಾ ಆ ತಲೆಯ ಗದ್ದದ ಕೆಳಗೆ ಇದ್ದ, ಆಮೇಲೆ ಮೂಗಿನ ಮುಂದೆ, ಆಮೇಲೆ ಕಿವಿಯ ಆಚೆ. ತಲೆ ನಡುಗಲಿಲ್ಲ, ಬಾಯಿ ತೆರೆಯಲಿಲ್ಲ, ಬೀಳಲಿಲ್ಲ.

“ಇದು ಬರೇ ಬರೆದಿದ್ದು, ಸುಮಾ. ಇದು ಏನೂ ಮಾಡಂಗಿಲ್ಲ.”

ಅವಳು ಹೇಳಿ ಮುಗಿಸುವಷ್ಟರಲ್ಲಿ ಚೋಟ್ಯಾ ಸತ್ತ. ತಲೆಯ ಆಚೆ ಹೂವಿನ ಗಿಡಗಳಿದ್ದವು, ಅವುಗಳ ನಡುವೆ ಒಂದು ಕಡೆ ನೆಲವೇ ಇರಲಿಲ್ಲ. ನಾವಿಬ್ಬರೂ ತಲೆಯನ್ನೇ ನೋಡುತ್ತಿದ್ದೆವು, ನೆಲ ನೋಡಲಿಲ್ಲ. ಆಮೇಲೆ ಅತ್ತಿ ತಲೆಪಿನ್ನಿನಿಂದ ರಿಮೋಟ್ ಬಿಚ್ಚಿ ನೋಡಿದರೆ ಬಟನ್ನಿನ ಕೆಳಗೆ ಒಂದು ಮೆಣಸಿನಕಾಯಿ ಬೀಜ. ಅದನ್ನು ಉಗುರಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಪಡಸಾಲೆಯ ಕಡೆ ನೋಡುತ್ತ ಕುಳಿತಳು. ಮತ್ತೆ ಆಡೋಣ ಎಂದು ನಾನು ಕೇಳಿದ್ದು ಅವಳಿಗೆ ಕೇಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬುತ್ತಿ ಡಬ್ಬಿ ಹಿಡಿದು ಪಡಸಾಲೆಗೆ ಹೋದಳು. ಅಪ್ಪ ನಡುಮನೆಯ ಕಿಟಕಿಯಲ್ಲಿ ಕನ್ನಡಿ ಇಟ್ಟುಕೊಂಡು ದಾಡಿ ಮಾಡಿಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ಅವ್ವನ ರೊಟ್ಟಿಯ ಸದ್ದು ನಿಂತಿತು. ಆ ಮನೆಯಲ್ಲಿ ಬೆಳಗಿನ ಹೊತ್ತು ರೊಟ್ಟಿಯ ಸದ್ದು ನಿಂತದ್ದನ್ನು ನಾನು ಅದೇ ಮೊದಲು ಕೇಳಿದೆ. ಅತ್ತಿ ಅಜ್ಜನ ಕಾಲಿನ ಹತ್ತಿರ, ಅವನಿಗೆ ತನ್ನ ಮುಖ ಕಾಣುವ ಹಾಗೆ ನಿಂತಳು.

“ಯಪ್ಪಾ, ಕಾಲ ಸ್ವಲ್ಪ ಎಳ್ಕೋರಿ. ರಾಣೆಬೆನ್ನೂರಿಗೆ ಹೊಂಟೇನಿ.”

ಅಜ್ಜ ಅವಳ ಬಾಯಿಯನ್ನೇ ನೋಡಿದ. ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು.

“ಎದಕ?”

“ಕೆಲಸಕ್ಕ. ಬೀಜ ಮೊಳಿತಾವೋ ಇಲ್ಲೋ ನೋಡೋ ಕೆಲಸ. ಅಣ್ಣ ನಿಮ್ಮನ್ನ ಕೇಳ್ಯಾನಲ್ಲ.”

“ನನ್ನ ಯಾರೂ ಕೇಳಿಲ್ಲ.”

ಅಪ್ಪ ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದ. ಮುಖದ ಅರ್ಧಕ್ಕೆ ಸೋಪಿನ ನೊರೆ. ಕೇಳಿದ್ದೆನಲ್ಲ, ನಿಮಗೆ ನೆನಪಿಲ್ಲ ಎಂದು ನಕ್ಕ. ಅಜ್ಜ ಅವನ ಕಡೆ ತಿರುಗಲಿಲ್ಲ.

“ಕಿವಿ ಮಂದ ಆಗ್ಯಾವು. ನೆನಪು ಆಗಿಲ್ಲ.”

ಅಷ್ಟು ಹೇಳಿ ಅಜ್ಜ ಎರಡೂ ಕೈಯನ್ನು ತನ್ನ ಬಲದೊಡೆಯ ಕೆಳಗೆ ಹಾಕಿ ಕಾಲನ್ನು ಸ್ಟೂಲಿನಿಂದ ಎತ್ತಿ ಕೆಳಗಿಟ್ಟ. ಆಮೇಲೆ ಎಡಗಾಲು. ಮೊಣಕಾಲು ಮಡಚುವಾಗ ಅವನ ಇಡೀ ಮುಖ ಕಿವುಚಿ, ಮತ್ತೆ ಬಿಗಿಯಾಯಿತು. ಆ ಬಿಗಿ ಸಿಟ್ಟಿನದಲ್ಲ, ನೋವಿನದು ಎಂದು ನಾನು ಆವತ್ತು ಕಂಡೆ. ಇಷ್ಟು ವರ್ಷ ಒಂದು ಮನೆಯಷ್ಟು ಜನ ಒಬ್ಬ ಮುದುಕನ ಮೊಣಕಾಲು ನೋವಿಗೆ ಹೆದರಿ ಹಿತ್ತಲ ಸಂದಿಯಲ್ಲಿ ಸೀನುತ್ತ ಓಡಾಡಿದ್ದೆವು. ಬಾಗಿಲು ಖಾಲಿಯಾಯಿತು. ಅತ್ತಿ ಹೊಸ್ತಿಲಿಗೆ ಕಾಲಿಡುವ ಮೊದಲೇ ಅಪ್ಪ ಬೇಗನೆ ಬಂದು ಚೌಕಟ್ಟಿಗೆ ಕೈ ಅಡ್ಡ ಇಟ್ಟ. ಇನ್ನೂ ನಗುತ್ತಲೇ ಇದ್ದ.

“ಗಿರಿಜಾ, ಗುರುವಾರ ಅಗಡಿಯಿಂದ ನಿನ್ನ ಕರಿಯಾಕ ಬರ್ತಾರ. ನಾ ಮಾತ ಕೊಟ್ಟೇನಿ. ಈಗ ನೀ ಕೆಲಸಕ್ಕ ಹೊಂಟಿ ಅಂದ್ರ ಮಂದಿ ಏನಂತಾರ? ನಿನ್ನ ಚಲೋದಕ್ಕ ಹೇಳಾಕತ್ತೇನಿ.”

ಆಟದಲ್ಲಿ ನಾನು ಸೋತಾಗ, ಇರಲಿ ಇನ್ನೊಂದು ಲೈಫ್ ಐತಿ, ಎನ್ನುತ್ತಿದ್ದ ಅದೇ ದನಿ. ಒಂದು ಎಳೆಯೂ ಗಡುಸಾಗಿರಲಿಲ್ಲ. ಅತ್ತಿ ಬಲಗೈಯಿಂದ ತನ್ನ ಸೊಟ್ಟ ಮಣಿಕಟ್ಟನ್ನು ಹಿಡಿದುಕೊಂಡಳು. ಕೂಗಲಿಲ್ಲ, ಅಳಲಿಲ್ಲ.

“ಕೈ ತಗಿ, ಅಣ್ಣಾ.”

ಅಪ್ಪ ಕೈ ತೆಗೆಯಲಿಲ್ಲ. ಅಜ್ಜ ಬೀದಿ ನೋಡುತ್ತ ಕುಳಿತ. ಮನೆ ನಡೆಸುವವನು ಈಗ ಅಪ್ಪ, ಅಜ್ಜನ ಕೈಯಲ್ಲಿ ಇದ್ದದ್ದು ಆ ಕುರ್ಚಿ ಒಂದೇ. ಆಗ ಅವ್ವ ಬಂದಳು. ಮೊಣಕೈವರೆಗೆ ಹಿಟ್ಟು, ತಲೆ ಮೇಲೆ ಸೆರಗಿಲ್ಲ. ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿರದ ಹೆಂಗಸು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ಏನ್ರೀ, ಅರ್ಧಾ ಮುಖಕ್ಕ ನೊರಿ ಹಚ್ಕೊಂಡು ಬಾಗಲದಾಗ ನಿಂತೀರಿ. ಮಂದಿ ನೋಡಾಕತ್ತಾರ.”

ನಿಜವೇ. ಗೋದಾಮಿನ ಕೆಲಸಕ್ಕೆ ಹೊರಟಿದ್ದ ಹೆಂಗಸರು ಬೀದಿಯಲ್ಲಿ ನಿಂತುಬಿಟ್ಟಿದ್ದರು. ಬನಿಯನ್ನಿನಲ್ಲಿ, ಅರ್ಧ ಬೋಳಿಸಿದ ಮುಖದಲ್ಲಿ, ತಂಗಿಗೆ ಕೈ ಅಡ್ಡ ಹಿಡಿದು ನಿಂತ ದಲಾಲಿ ಸಾಹುಕಾರರನ್ನು ಅವರು ಕಣ್ತುಂಬ ನೋಡುತ್ತಿದ್ದರು. ಅಪ್ಪ ಅವರತ್ತ ನಕ್ಕ. ನಗುತ್ತ ನಗುತ್ತ ನೊರೆ ಒರೆಸಿಕೊಳ್ಳಲು ಕೈ ಮೇಲೆತ್ತಿದ. ಅತ್ತಿ ಆ ಕೈಯ ಕೆಳಗಿನಿಂದ ಬೀದಿಗೆ ಇಳಿದು ಹೋದಳು.

ಗುರುವಾರಕ್ಕೆ ಇನ್ನು ಮೂರು ದಿನವಿತ್ತು. ಅಪ್ಪ ಎಂದಿಗಿಂತ ಹೆಚ್ಚು ನಗುತ್ತಿದ್ದ. ಗುರುವಾರಕ್ಕೆಂದು ಬೆಲ್ಲ ತಂದ, ಬ್ಯಾಳಿ ತಂದ, ಹೋಳಿಗೆ ಮಾಡು ಎಂದು ಅವ್ವನಿಗೆ ಹೇಳಿದ. ಅತ್ತಿ ದಿನಾ ಹೋಗಿ ಬರುತ್ತಿದ್ದಳು, ಸಂಜೆ ಅವಳ ಬೆರಳಿಗೆ ಒದ್ದೆ ಕಾಗದದ ವಾಸನೆ. ಅವಳನ್ನು ಕಂಡ ಕೂಡಲೇ ಅಜ್ಜ ದೊಡೆಯ ಕೆಳಗೆ ಕೈ ಹಾಕುತ್ತಿದ್ದ. ಹೌದು ಎನ್ನಲಿಲ್ಲ, ಬೇಡವೆನ್ನಲಿಲ್ಲ. ಟಿವಿ ಯಾರೂ ಹಚ್ಚಲಿಲ್ಲ. ಅಜ್ಜನಿಗೆ ಹೆದರುವ ಅಗತ್ಯ ಮುಗಿದಿತ್ತು, ಆದರೆ ಅವನಿಂದ ಉಪಯೋಗವೂ ಇಲ್ಲ ಎಂದು ನಾನು ಅಂದುಕೊಂಡೆ. ಬರೆದ ತಲೆ ಬೀಳುವುದಿಲ್ಲ, ಕಾಯುವುದೂ ಇಲ್ಲ.

ಗುರುವಾರ ಇಳಿಹೊತ್ತಿಗೆ ಅಗಡಿಯಿಂದ ಅತ್ತಿಯ ಗಂಡನ ಅಣ್ಣ ಮತ್ತು ಅವರ ಕಡೆಯ ಒಬ್ಬ ಹಿರಿಯ ಬಂದರು. ಜೀಪು ಬಾಗಿಲ ಮುಂದೆ ನಿಂತಿತು. ಅಜ್ಜ ಕಾಲು ತೆಗೆದು ಒಳಗೆ ಬಿಟ್ಟ. ಚಾಪೆ ಹಾಸಿ, ಹೋಳಿಗೆ ಬಡಿಸಿ, ಚಹಾ ಕೊಟ್ಟದ್ದಾಯಿತು. ಅತ್ತಿ ಇನ್ನೂ ಬಂದಿರಲಿಲ್ಲ. ಅವಳು ಬಸ್ಸಿಳಿದು ಬಂದ ಕೂಡಲೇ ಹೊರಡಿಸಬಹುದು, ಅಷ್ಟರಲ್ಲಿ ಸಾಮಾನು ಗಾಡಿಗೆ ಇಟ್ಟುಬಿಡೋಣ ಎಂದು ಅಪ್ಪ ನಡುಮನೆಯಿಂದ ಆ ತಗಡಿನ ಟ್ರಂಕನ್ನು ತಾನೇ ಹೊತ್ತು ತಂದ. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ. ಟ್ರಂಕು ಬಾಗಿಲ ಹತ್ತಿರ ಬರುವಾಗ ಅಜ್ಜ ಕೈಯನ್ನು ಬಲದೊಡೆಯ ಕೆಳಗೆ ಹಾಕಿದ. ಕಾಲನ್ನು ಎತ್ತಿ ಸ್ಟೂಲಿನ ಮೇಲೆ ಇಟ್ಟ. ಆಮೇಲೆ ಎಡಗಾಲನ್ನೂ ಇಟ್ಟು, ಚಾಚಿ, ಕುರ್ಚಿಗೆ ಒರಗಿದ.

“ಯಪ್ಪಾ, ಕಾಲು.”

“ನೋಯಾಕತ್ತಾವು.”

“ಒಂದ ಕ್ಷಣ ಎಳ್ಕೋರಿ.”

“ಆಗಂಗಿಲ್ಲ.”

ಅಪ್ಪ ಕೆಮ್ಮಿದ. ಅಜ್ಜ ಕಣ್ಣು ಮುಚ್ಚಿಕೊಂಡ. ಬೀಗರು ಎದ್ದು ನಿಂತರು, ಎಲ್ಲಿಗೆ ಹೋಗಬೇಕೋ ತಿಳಿಯದೆ ಮತ್ತೆ ಕುಳಿತರು. ಹಿರಿಯರ ಕಾಲನ್ನು ಅವರಾದರೂ ಹೇಗೆ ದಾಟಿಯಾರು? ಹಿತ್ತಲ ಬಾಗಿಲು ಇತ್ತು ನಿಜ, ಆದರೆ ಬೀಗರನ್ನು ಎಮ್ಮೆಯ ಹಿಂದಿನಿಂದ, ತೊಟ್ಟು ಬಿಡಿಸುವ ಹೆಂಗಸರ ಮುಂದಿನಿಂದ ಸೀನಿಸುತ್ತ ಕಳಿಸಿದರೆ ಊರು ಒಂದು ವರ್ಷ ಆಡಿಕೊಳ್ಳುತ್ತದೆ. ಅಪ್ಪ ಒಮ್ಮೆ ಒಳಗಿನ ಕಡೆ ನೋಡಿದ, ಅವ್ವ ಆ ದಾರಿಗೆ ಅಡ್ಡ ನಿಂತೇ ಇದ್ದಳು. ಅವನು ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಹೊರಗೆ ಮೆಟ್ಟಿಲ ಮೇಲೆ ಅತ್ತಿ ಬಂದು ನಿಂತಳು. ಜೀಪು ನೋಡಿದಳು, ಟ್ರಂಕು ನೋಡಿದಳು, ನಡುವೆ ಚಾಚಿದ ಕಾಲು ನೋಡಿದಳು. ಆ ಕಾಲುಗಳ ಆಚೆಯಿಂದಲೇ ಗಂಡನ ಅಣ್ಣನಿಗೆ ಹೇಳಿದಳು.

“ನಾ ಬಾವಿಕಟ್ಟಿ ಮ್ಯಾಲೆ ಜಾರಿ ಬಿದ್ದಿಲ್ಲ, ಭಾವಾರ. ನಿಮಗೂ ಗೊತ್ತೈತಿ, ಅಣ್ಣಗೂ ಗೊತ್ತೈತಿ. ನಾ ಬರಂಗಿಲ್ಲ.”

ಅವಳು ಗಟ್ಟಿಯಾಗಿ ಹೇಳಿರಲಿಲ್ಲ, ಆದರೂ ಅದು ಅಜ್ಜನಿಗೆ ಕೇಳಿಸಿತು. ಅವನು ಕಣ್ಣು ತೆರೆದು ಮಗಳ ಕೈ ನೋಡಿದ, ಆಮೇಲೆ ಮಗನ ಮುಖ ನೋಡಿದ. ಇಷ್ಟು ದಿನ ಬಾವಿಕಟ್ಟೆಯ ಕತೆಯನ್ನು ಅವನಿಗೆ ಯಾರು ಹೇಳಿದ್ದರು ಎಂಬುದು ಆ ನೋಟದಲ್ಲೇ ಇತ್ತು.

“ಟ್ರಂಕು ಎಲ್ಲಿತ್ತೋ ಅಲ್ಲಿ ಇಡು. ಆಮ್ಯಾಲೆ ಕಾಲಿಂದು ನೋಡೋಣು.”

ಜೀಪಿನವನು ಹೊರಗೆ ಒಂದೆರಡು ಸಲ ಹಾರ್ನ್ ಹಾಕಿದ. ಕೊನೆಗೆ ಅಪ್ಪ ತಿರುಗಿ ಟ್ರಂಕನ್ನು ನಡುಮನೆಗೆ ಒಯ್ದು ಇಟ್ಟ, ತಗಡು ನೆಲಕ್ಕೆ ತಾಗಿದ ಸದ್ದು ಪಡಸಾಲೆಗೆ ಕೇಳಿತು. ಆಗ ಅಜ್ಜ ಕಾಲು ಕೆಳಗಿಟ್ಟು ಮೊದಲು ಮಗಳನ್ನು ಒಳಗೆ ಬಿಟ್ಟ, ಆಮೇಲೆ ಬೀಗರನ್ನು ಹೊರಗೆ ಬಿಟ್ಟ. ಅಗಡಿಯವರು ಮತ್ತೆ ಬರಲಿಲ್ಲ. ಗಿರಿಜತ್ತಿ ಆ ಕೆಲಸದಲ್ಲೇ ಮುಂದುವರಿದು, ಕೆಲವು ವರ್ಷಗಳ ನಂತರ ರಾಣೆಬೆನ್ನೂರಿನಲ್ಲೇ ತನ್ನದೊಂದು ಮನೆ ಮಾಡಿದಳು. ಆ ಟ್ರಂಕು ಈಗಲೂ ಅವಳ ಹತ್ತಿರ ಇದೆ. ಅವ್ವ ಮರುದಿನ ಗುಡಿಗೆ ಮುಂಬಾಗಿಲಿನಿಂದ ಹೋದಳು. ನಾನು ನುಸುಳುವುದನ್ನು ಬಿಟ್ಟು ಅಜ್ಜನ ಮುಂದೆ ನಿಲ್ಲುವುದನ್ನು ಕಲಿತೆ.

ಆ ಗುರುವಾರ ಊಟವಾದ ಮೇಲೆ ಅಪ್ಪ ಜೇಬಿನಿಂದ ಒಂದು ಹೊಸ ಕ್ಯಾಸೆಟ್ ತೆಗೆದ. ಹೊತ್ತಾರೆಯೇ ತಂದಿಟ್ಟಿದ್ದನಂತೆ, ಅತ್ತಿ ಹೋದ ಮೇಲೆ ನನಗೆ ಬೇಸರ ಆಗಬಾರದೆಂದು. ಏನೂ ಆಗಿಯೇ ಇಲ್ಲ ಎಂಬಂತೆ ಟಿವಿ ಹಚ್ಚಿ, ಪಕ್ಕದಲ್ಲಿ ಕೂರಿಸಿಕೊಂಡು, ಒಂದು ರಿಮೋಟ್ ನನ್ನ ಕೈಗೆ ಕೊಟ್ಟ. ಹೊಸ ಆಟದಲ್ಲೂ ಸ್ವಲ್ಪ ದೂರ ಹೋದ ಮೇಲೆ ಒಂದು ಕಲ್ಲಿನ ತಲೆ ಬಂತು. ಅದನ್ನು ತೋರಿಸಿ ಅವನು ನನ್ನ ಹೆಗಲ ಮೇಲೆ ಕೈ ಹಾಕಿದ.

“ನೋಡು ಸುಮಾ, ಅಜ್ಜ ಇದರಾಗೂ ಅದಾನ.”

ನಾನು ತಲೆಯನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದೆ. ಅವನು ನಗುತ್ತಿದ್ದ. ನಾನೂ ನಕ್ಕೆ. ಆಮೇಲೆ ಮುಂದಿನ ಹೆಜ್ಜೆ ಇಡುವ ಮೊದಲು, ಅಲ್ಲಿ ನೆಲ ಇದೆಯೋ ಇಲ್ಲವೋ ನೋಡಿಕೊಂಡೆ.